ಸಣ್ಣ ವಿಮಾನಗಳಲ್ಲಿ ಇಂಧನ ಲೆಕ್ಕಾಚಾರ ಮತ್ತು ಇಂಧನ ಬರಿದಾಗುವಿಕೆ

ಒಂದು ಪಿಸ್ಟನ್ ಎಂಜಿನ್ ಇರುವ, ಎರಡರಿಂದ ಆರು ಜನ ಕೂರುವ ಖಾಸಗಿ ವಿಮಾನ ಹಾರಾಟದ ನಡುವೆ ಇಂಧನ ತೀರಿ ಗದ್ದೆಗೋ ರಸ್ತೆಗೋ ಇಳಿಯಬೇಕಾಗುವುದು ವಿಮಾನಯಾನದಷ್ಟೇ ಹಳೆಯ ಅಪಘಾತ. ಎಂಜಿನ್ನುಗಳು ಸುಧಾರಿಸಿದವು, ದಾರಿ ತೋರುವ ಉಪಕರಣಗಳು ಬಂದವು. ಈ ಅಪಘಾತ ಮಾತ್ರ ನಿಂತಿಲ್ಲ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2017ರಲ್ಲಿ ಹೊರಡಿಸಿದ ಎಚ್ಚರಿಕೆಯ ಪ್ರಕಾರ 2011ರಿಂದ 2015ರವರೆಗೆ ಆ ದೇಶದಲ್ಲಿ ಇಂಧನ ನಿರ್ವಹಣೆಯ ಲೋಪದಿಂದ ವರ್ಷಕ್ಕೆ ಸರಾಸರಿ 50ಕ್ಕೂ ಹೆಚ್ಚು ಅಪಘಾತಗಳಾದವು. ಖಾಸಗಿ ಮತ್ತು ತರಬೇತಿ ಹಾರಾಟಗಳ ಅಪಘಾತ ಕಾರಣಗಳಲ್ಲಿ ಇದಕ್ಕೆ ಆರನೆಯ ಸ್ಥಾನ. ಆ ಅಪಘಾತಗಳಲ್ಲಿ ಶೇ. 95ರಲ್ಲಿ ಪೈಲಟ್‌ನ ತಪ್ಪು ಸೇರಿತ್ತು. ಯಂತ್ರದ ದೋಷ ಕಂಡದ್ದು ಶೇ. 5ರಲ್ಲಿ ಮಾತ್ರ. ಹೀಗೆ ಸಿಕ್ಕಿಬಿದ್ದವರಲ್ಲಿ ಹೊಸದಾಗಿ ಕಲಿಯುತ್ತಿರುವವರು ತೀರ ವಿರಳ, ವೃತ್ತಿಪರ ಪರವಾನಗಿ ಉಳ್ಳವರು ಹೆಚ್ಚುಕಡಿಮೆ ಅರ್ಧದಷ್ಟು. ಗೊತ್ತಿಲ್ಲದೆ ಆಗುವ ಅನಾಹುತ ಇದಲ್ಲ ಎಂಬುದಕ್ಕೆ ಈ ಅಂಕಿಗಳೇ ಸಾಕ್ಷಿ. ಇಂಧನ ಮುಗಿಯುವುದು ಆಕಾಶದಲ್ಲಾದರೂ ಆ ಕೊರತೆ ಬಹುಪಾಲು ನಿರ್ಧಾರವಾಗುವುದು ನೆಲದ ಮೇಲೆ, ಹೊರಡುವ ಮುನ್ನ.

ಎರಡು ಬಗೆ

ತನಿಖಾಧಿಕಾರಿಗಳು ಈ ಪ್ರಕರಣಗಳನ್ನು ಎರಡಾಗಿ ವಿಂಗಡಿಸುತ್ತಾರೆ. ವಿಮಾನದಲ್ಲಿ ಬಳಸಬಹುದಾದ ಇಂಧನವೇ ಉಳಿಯದಿದ್ದರೆ ಅದು ಇಂಧನ ಬರಿದಾದ ಪ್ರಕರಣ. ಟ್ಯಾಂಕಿನಲ್ಲಿ ಇಂಧನವಿದ್ದೂ ಅದು ಎಂಜಿನ್ನಿಗೆ ತಲುಪದಿದ್ದರೆ ಪೂರೈಕೆ ಕಡಿದ ಪ್ರಕರಣ. ಮೇಲಿನ ಅಮೆರಿಕನ್ ಲೆಕ್ಕದಲ್ಲಿ ಮೊದಲನೆಯದರ ಪಾಲು ಶೇ. 56, ಎರಡನೆಯದರ ಪಾಲು ಶೇ. 35.

ಪೂರೈಕೆ ಕಡಿಯಲು ಕಾರಣಗಳು ಹಲವು. ಪೈಲಟ್ ಟ್ಯಾಂಕ್ ಬದಲಿಸಲು ಮರೆಯಬಹುದು. ಖಾಲಿ ಟ್ಯಾಂಕಿನ ಕಡೆಗೇ ಕವಾಟ ತಿರುಗಿಸಬಹುದು. ಇಂಧನದೊಳಗೆ ನೀರು ಸೇರಿರಬಹುದು. ಗಾಳಿಕಿಂಡಿ ಕಟ್ಟಿಕೊಳ್ಳುವುದೂ ಉಂಟು. ಟ್ಯಾಂಕಿನಿಂದ ಇಂಧನ ಇಳಿದಷ್ಟೂ ಆ ಜಾಗಕ್ಕೆ ಹೊರಗಿನ ಗಾಳಿ ಬರಬೇಕು. ಅದಕ್ಕಾಗಿ ಇಟ್ಟ ಸಣ್ಣ ನಳಿಕೆಯೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿದರೆ ಟ್ಯಾಂಕ್ ತುಂಬಿದ್ದರೂ ಇಂಧನ ಇಳಿಯದು. ವಾರಗಟ್ಟಲೆ ನಿಂತ ವಿಮಾನವನ್ನು ಹೊರತೆಗೆಯುವಾಗ ಬಲ್ಲ ಪೈಲಟ್‌ಗಳು ಮೊದಲು ನೋಡುವ ಜಾಗಗಳಲ್ಲಿ ಈ ನಳಿಕೆಯೂ ಒಂದು.

ರೆಕ್ಕೆ ಮೇಲಿದೆಯೋ ಕೆಳಗಿದೆಯೋ ಎಂಬುದರ ಮೇಲೂ ಬಹಳಷ್ಟು ನಿಂತಿದೆ. ಜಗತ್ತಿನ ತರಬೇತಿ ಶಾಲೆಗಳಲ್ಲೆಲ್ಲ ಕಾಣುವ ಸೆಸ್ನಾ 172ರಲ್ಲಿ ರೆಕ್ಕೆಗಳು ತಲೆಯ ಮೇಲಿವೆ. ಇಂಧನ ತನ್ನ ಭಾರದಿಂದಲೇ ಕೆಳಗಿಳಿಯುತ್ತದೆ. ಕವಾಟಕ್ಕೆ ಎಡ, ಬಲ ಎಂಬ ಸ್ಥಾನಗಳ ಜೊತೆಗೆ ಎರಡೂ ಟ್ಯಾಂಕ್‌ಗಳಿಂದ ಒಟ್ಟಿಗೆ ಎಳೆಯುವ ಸ್ಥಾನವಿದೆ. ಪೈಪರ್ ಚೆರೋಕಿಯಂತಹ ವಿಮಾನಗಳಲ್ಲಿ ರೆಕ್ಕೆ ಕಾಲ ಕೆಳಗಿರುವುದರಿಂದ ಪಂಪು ಇಂಧನವನ್ನು ಮೇಲಕ್ಕೆ ಎಳೆಯಬೇಕು. ಎರಡೂ ಟ್ಯಾಂಕ್‌ಗಳನ್ನು ಒಟ್ಟಿಗೆ ತೆರೆದರೆ, ಒಂದು ಖಾಲಿಯಾದ ಕೂಡಲೇ ಪಂಪು ಆ ಕಡೆಯಿಂದ ಬರೀ ಗಾಳಿ ಹೀರತೊಡಗುತ್ತದೆ. ಅದಕ್ಕೇ ಅಲ್ಲಿ ಎಡ ಇಲ್ಲವೇ ಬಲ, ಎರಡರಲ್ಲಿ ಒಂದೇ. ಬದಲಿಸುವ ಹೊಣೆ ಪೂರ್ತಿ ಪೈಲಟ್‌ನದು. ಗಡಿಯಾರದ ನಿಮಿಷದ ಮುಳ್ಳು ಬಲ ಅರ್ಧದಲ್ಲಿದ್ದಾಗ ಬಲ ಟ್ಯಾಂಕ್, ಎಡ ಅರ್ಧಕ್ಕೆ ಬಂದಾಗ ಎಡ ಟ್ಯಾಂಕ್ ಎಂದು ರೂಢಿ ಮಾಡಿಕೊಂಡವರಿದ್ದಾರೆ. ಅರ್ಧ ಗಂಟೆಗೊಮ್ಮೆ ತಾನಾಗಿಯೇ ನೆನಪಾಗುವ ಈ ಪದ್ಧತಿ ಒಳ್ಳೆಯದು. ಆದರೆ ನೆಲ ಬಿಡುವ ಕ್ಷಣದಲ್ಲಾಗಲಿ ಇಳಿಯುವ ಹೊತ್ತಿನಲ್ಲಾಗಲಿ ಕವಾಟ ಮುಟ್ಟಬಾರದು. ಹೊಸ ಟ್ಯಾಂಕಿನಲ್ಲಿ ತೊಂದರೆಯಿದ್ದರೆ ಸರಿಪಡಿಸಿಕೊಳ್ಳಲು ಆಗ ಎತ್ತರ ಸಾಲದು.

ಎಷ್ಟಿದೆ ಎಂದು ತಿಳಿಯುವ ಬಗೆ

ಅಮೆರಿಕದಲ್ಲಿ 1930ರ ದಶಕದ ಕೊನೆಯಲ್ಲಿ ಬಂದ ಪೈಪರ್ ಕಬ್‌ನ ಇಂಧನ ಮಾಪಕ ಎಂದರೆ ಒಂದು ಬೆಂಡು, ಅದಕ್ಕೆ ಸಿಕ್ಕಿಸಿದ ಒಂದು ತಂತಿ. ಪೈಲಟ್‌ನ ಎದುರಿಗೇ ಇರುವ ಟ್ಯಾಂಕಿನ ಮುಚ್ಚಳದ ರಂಧ್ರದಿಂದ ತಂತಿ ಮೇಲಕ್ಕೆ ಚಾಚಿರುತ್ತದೆ. ಇಂಧನ ಇಳಿದಂತೆ ಬೆಂಡು ಇಳಿಯುತ್ತದೆ, ತಂತಿ ಕುಗ್ಗುತ್ತದೆ. ಕೆಡಲು ಅದರಲ್ಲಿ ಹೆಚ್ಚೇನೂ ಇಲ್ಲ.

ಈಗಿನ ಬಹುತೇಕ ಸಣ್ಣ ವಿಮಾನಗಳಲ್ಲಿ ಬೆಂಡಿನ ಜಾಗದಲ್ಲಿ ತೇಲುಗುಂಡು, ತಂತಿಯ ಜಾಗದಲ್ಲಿ ವಿದ್ಯುತ್ ರೋಧಕ, ಅದಕ್ಕೆ ಸೇರಿದ ಮುಳ್ಳು ಇವೆ. ಟ್ಯಾಂಕ್ ಅಗಲವಾಗಿ, ತೆಳ್ಳಗೆ ರೆಕ್ಕೆಯ ಉದ್ದಕ್ಕೆ ಚಾಚಿರುವುದರಿಂದ ರೆಕ್ಕೆ ಸ್ವಲ್ಪ ಬಾಗಿದರೂ, ಗಾಳಿಗೆ ಕುಲುಕಿದರೂ ಮುಳ್ಳು ಓಲಾಡುತ್ತದೆ. ಮುಳ್ಳು ಸೊನ್ನೆಗೆ ಬಂದಾಗ ಮಾತ್ರ ನಿಖರವಾಗಿದ್ದರೆ ಕಾನೂನಿಗೆ ಸಾಕು ಎಂಬ ಮಾತು ಹಾರುವವರ ನಡುವೆ ಬಹಳ ಓಡಾಡುತ್ತದೆ. ಅದು ಸರಿಯಲ್ಲ. ಬಳಸಬಹುದಾದ ಇಂಧನ ತೀರಿದಾಗ ಮುಳ್ಳು ಸೊನ್ನೆ ತೋರಬೇಕು ಎಂದು ನಿಯಮ ಹೇಳಿರುವುದು ಸೊನ್ನೆ ಎಂದರೇನು ಎಂಬುದನ್ನು ಗೊತ್ತುಪಡಿಸಲಿಕ್ಕೆ. ಪ್ರತಿ ಟ್ಯಾಂಕಿಗೂ ಕೆಲಸ ಮಾಡುವ ಮಾಪಕ ಇರಲೇಬೇಕು ಎಂಬ ನಿಯಮ ಬೇರೆಯೇ ಇದೆ. ಮಾಪಕ ಕಡಿಮೆ ತೋರಿದಾಗ ‘ಇದು ಸುಳ್ಳು ಹೇಳುತ್ತದೆ ಬಿಡು’ ಎಂದು ಮುಂದೆ ಹಾರಿಸಿದವರು ಅಪಘಾತ ವರದಿಗಳಲ್ಲಿ ಮತ್ತೆ ಮತ್ತೆ ಸಿಗುತ್ತಾರೆ.

ಹೀಗಾಗಿ ಅನುಭವಿಗಳು ನಂಬುವುದು ಅಳತೆಕಡ್ಡಿಯನ್ನು. ಆಯಾ ವಿಮಾನಕ್ಕೆಂದೇ ಗುರುತು ಹಾಕಿದ ಕಡ್ಡಿಯನ್ನು ಹಿಡಿದು, ರೆಕ್ಕೆಯ ಮೇಲಿನ ಮುಚ್ಚಳ ತೆಗೆದು, ನೆಟ್ಟಗೆ ಇಳಿಬಿಟ್ಟು, ಒದ್ದೆಯಾದ ಗೆರೆ ಆರುವ ಮೊದಲೇ ಓದಿಕೊಳ್ಳಬೇಕು. ವಿಮಾನ ಇಳಿಜಾರಿನಲ್ಲಿ ನಿಂತಿದ್ದರೆ ಕಡ್ಡಿಯೂ ತಪ್ಪು ಹೇಳುತ್ತದೆ. ಮುಚ್ಚಳವನ್ನು ಮತ್ತೆ ಬಿಗಿಯಾಗಿ ಹಾಕುವುದು ಅಷ್ಟೇ ಮುಖ್ಯ. ಹಾರುವಾಗ ರೆಕ್ಕೆಯ ಮೇಲ್ಭಾಗದಲ್ಲಿ ಗಾಳಿಯ ಒತ್ತಡ ಕಡಿಮೆಯಿರುತ್ತದೆ. ಮುಚ್ಚಳ ಸಡಿಲವಾಗಿದ್ದರೆ, ಅದರ ರಬ್ಬರ್ ಉಂಗುರ ಸೀಳಿದ್ದರೆ, ಆ ಸೆಳೆತಕ್ಕೆ ಇಂಧನ ಹೊರಗೆ ಹರಿದುಹೋಗುತ್ತದೆ. ಟ್ಯಾಂಕ್ ರಬ್ಬರ್ ಚೀಲದ್ದಾಗಿದ್ದರೆ ಇನ್ನೂ ಅಪಾಯ. ಚೀಲದ ತಳ ಮೇಲಕ್ಕೆ ಸೆಳೆದುಕೊಂಡು ತೇಲುಗುಂಡನ್ನೂ ಎತ್ತುವುದರಿಂದ, ಇಂಧನ ಸೋರುತ್ತಿರುವಾಗಲೇ ಮಾಪಕ ತುಂಬಿದೆ ಎಂದು ತೋರಿಸಬಲ್ಲದು.

ಟ್ಯಾಂಕಿನಲ್ಲಿರುವುದೆಲ್ಲ ಬಳಕೆಗೆ ಬರುವುದೂ ಇಲ್ಲ. ಸೆಸ್ನಾ 172 ಎಸ್ ಮಾದರಿಯಲ್ಲಿ ಒಟ್ಟು 56 ಗ್ಯಾಲನ್ ಹಿಡಿಯುತ್ತದೆ, ಬಳಸಬಹುದಾದದ್ದು 53, ಅಂದರೆ ಸುಮಾರು 200 ಲೀಟರ್. ಹಳೆಯ 172 ಎನ್ ಮಾದರಿಯಲ್ಲಿ ಸಾಮಾನ್ಯ ಟ್ಯಾಂಕ್ ಇದ್ದರೆ ಬಳಕೆಗೆ 40 ಗ್ಯಾಲನ್, ದೂರಪಯಣದ ಟ್ಯಾಂಕ್ ಇದ್ದರೆ 50. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಬಾಡಿಗೆಗೆ ವಿಮಾನ ಪಡೆಯುವ ಪೈಲಟ್ ಇದನ್ನು ವಿಚಾರಿಸದಿದ್ದರೆ ಒಂದು ಗಂಟೆಗೂ ಮೀರಿದ ಹಾರಾಟದ ಇಂಧನ ಲೆಕ್ಕದಲ್ಲಷ್ಟೇ ಇರುತ್ತದೆ.

ಅಳತೆಯ ಮಾನವೂ ಮೋಸ ಮಾಡುತ್ತದೆ. ಅಮೆರಿಕದ ಗ್ಯಾಲನ್ ಸುಮಾರು 3.785 ಲೀಟರ್, ಬ್ರಿಟಿಷ್ ಗ್ಯಾಲನ್ ಸುಮಾರು 4.546. ಕೈಪಿಡಿ ಒಂದು ಮಾನದಲ್ಲಿ, ತುಂಬಿಸುವ ಪಂಪು ಇನ್ನೊಂದರಲ್ಲಿ, ತೂಕದ ಲೆಕ್ಕ ಮತ್ತೊಂದರಲ್ಲಿ ಇರುವುದು ಸಾಮಾನ್ಯ. ಇದರ ಅತಿ ಪ್ರಸಿದ್ಧ ಉದಾಹರಣೆ ದೊಡ್ಡ ವಿಮಾನದ್ದು. 1983ರ ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767 ವಿಮಾನಕ್ಕೆ 22,300 ಕಿಲೋ ಇಂಧನ ಬೇಕಿತ್ತು. ಮಾಪಕಗಳು ಕೆಟ್ಟಿದ್ದರಿಂದ ಕಡ್ಡಿಯಿಂದ ಅಳೆದರು. ಆದರೆ ಲೀಟರನ್ನು ಕಿಲೋಗೆ ಬದಲಿಸುವಾಗ ಪೌಂಡಿನ ಗುಣಕವಾದ 1.77ನ್ನು ಬಳಸಿದರು, ಬಳಸಬೇಕಾಗಿದ್ದದ್ದು ಸುಮಾರು 0.8. ಬೇಕಾದುದರ ಅರ್ಧಕ್ಕಿಂತ ಕಡಿಮೆ ಇಂಧನದಲ್ಲಿ ಹೊರಟ ವಿಮಾನ ಮ್ಯಾನಿಟೋಬಾದ ಗಿಮ್ಲಿ ಎಂಬಲ್ಲಿ ಎಂಜಿನ್ನುಗಳಿಲ್ಲದೆ ಜಾರಿ ಇಳಿಯಿತು. ಎಲ್ಲರೂ ಬದುಕಿದರು.

ಲೆಕ್ಕ

ಇಂಧನವನ್ನು ದೂರದಲ್ಲಿ ಅಳೆಯಬಾರದು, ಕಾಲದಲ್ಲಿ ಅಳೆಯಬೇಕು ಎಂದು ಶಿಕ್ಷಕರು ಹೇಳಿಕೊಡುವುದಕ್ಕೆ ಕಾರಣ ಗಾಳಿ. ಎಂಜಿನ್ ಗಂಟೆಗೆ ಇಷ್ಟು ಎಂದು ಕುಡಿಯುತ್ತದೆ. ಆ ಗಂಟೆಯಲ್ಲಿ ಎಷ್ಟು ನೆಲ ದಾಟುತ್ತೇವೆ ಎಂಬುದು ಗಾಳಿಯ ಕೈಯಲ್ಲಿದೆ.

ಒಂದು ಹಾರಾಟವನ್ನು ತೆಗೆದುಕೊಳ್ಳೋಣ. ದೂರ 300 ನಾಟಿಕಲ್ ಮೈಲಿ, ಎಂದರೆ ಸುಮಾರು 555 ಕಿ.ಮೀ. ವಿಮಾನದ ವೇಗ 115 ನಾಟ್, ಬಳಕೆ ಗಂಟೆಗೆ 36 ಲೀಟರ್. ಗಾಳಿಯಿಲ್ಲದಿದ್ದರೆ 2 ಗಂಟೆ 37 ನಿಮಿಷಕ್ಕೆ 94 ಲೀಟರ್. ಎಂಜಿನ್ ಚಾಲೂ ಮಾಡಿ ರನ್‌ವೇವರೆಗೆ ಹೋಗಲು, ಆಮೇಲೆ ಎತ್ತರಕ್ಕೆ ಏರಲು ಇನ್ನು 10 ಲೀಟರ್. ಅರ್ಧ ಗಂಟೆಯ ಮೀಸಲು 18 ಲೀಟರ್. ಒಟ್ಟು 122. ಪೈಲಟ್ 125 ಲೀಟರ್ ಇದೆ ಎಂದು ಖಚಿತ ಮಾಡಿಕೊಂಡು ಹೊರಡುತ್ತಾನೆ. ಕಾಗದದ ಮೇಲೆ ಎಲ್ಲವೂ ಕಾನೂನುಬದ್ಧ. ದಾರಿಯಲ್ಲಿ 25 ನಾಟ್‌ನ ಎದುರುಗಾಳಿ ಸಿಕ್ಕರೆ ನೆಲದ ಮೇಲಿನ ವೇಗ 90 ನಾಟ್‌ಗೆ ಇಳಿಯುತ್ತದೆ, ಪ್ರಯಾಣ 3 ಗಂಟೆ 20 ನಿಮಿಷಕ್ಕೆ ಹಿಗ್ಗುತ್ತದೆ, ಬೇಕಾಗುವ ಇಂಧನ 130 ಲೀಟರ್ ಆಗುತ್ತದೆ. ಇರುವುದು 125. ನಿಲ್ದಾಣ ಇನ್ನೂ ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಇರುವಾಗ ಎಂಜಿನ್ ನಿಲ್ಲುತ್ತದೆ. ಮೀಸಲನ್ನು ಯಾರೂ ಕದಿಯಲಿಲ್ಲ. ಗಾಳಿ ನಿಮಿಷ ನಿಮಿಷವಾಗಿ ತಿಂದುಹಾಕಿತು.

ಹೋಗುವಾಗ ಎದುರಾದ ಗಾಳಿ ಬರುವಾಗ ಬೆನ್ನಿಗೆ ಬರುತ್ತದೆ, ಸರಿಹೋಗುತ್ತದೆ ಎಂಬ ಸಮಾಧಾನವೂ ಪೊಳ್ಳು. 100 ನಾಟ್ ವೇಗದ ವಿಮಾನ 150 ನಾಟಿಕಲ್ ಮೈಲಿ ಹೋಗಿ ಅಷ್ಟೇ ದೂರ ಮರಳಲು ಗಾಳಿಯಿಲ್ಲದಿದ್ದರೆ 3 ಗಂಟೆ. 25 ನಾಟ್ ಗಾಳಿಯಲ್ಲಿ ಹೋಗಲು 2 ಗಂಟೆ, ಬರಲು 1 ಗಂಟೆ 12 ನಿಮಿಷ. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತೇವೆ, ಆದ್ದರಿಂದ ನಷ್ಟವೇ ಮೇಲಾಗುತ್ತದೆ.

ಗಂಟೆಯ ಬಳಕೆಯೂ ಸ್ಥಿರವಲ್ಲ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಅದಕ್ಕೆ ತಕ್ಕಂತೆ ಇಂಧನ ಮಿಶ್ರಣವನ್ನು ಕೆಂಪು ಗುಂಡಿಯಿಂದ ತೆಳುಮಾಡುವುದು ಪೈಲಟ್‌ನ ಕೆಲಸ. ಮಾಡದಿದ್ದರೆ ಎಂಜಿನ್ ಸುಮ್ಮನೆ ಹೆಚ್ಚು ಕುಡಿಯುತ್ತದೆ. ಮೇಲಿನ ಲೆಕ್ಕದಲ್ಲಿ 36ರ ಬದಲು 42 ಲೀಟರ್ ಆದರೆ, ಗಾಳಿಯಿಲ್ಲದ ದಿನದಲ್ಲೂ ಇಳಿಯುವ ಹೊತ್ತಿಗೆ ಉಳಿಯುವುದು ಐದೇ ಲೀಟರ್. ಕೈಪಿಡಿಯ ಕೋಷ್ಟಕಗಳು ಹೊಸ ಎಂಜಿನ್, ಸರಿಯಾಗಿ ತೆಳುಮಾಡಿದ ಮಿಶ್ರಣ ಎಂಬ ಭರವಸೆಯ ಮೇಲೆ ನಿಂತಿವೆ. ತನ್ನ ವಿಮಾನ ನಿಜವಾಗಿ ಎಷ್ಟು ಕುಡಿಯುತ್ತದೆ ಎಂಬುದನ್ನು ಪ್ರತಿ ಹಾರಾಟದ ನಂತರ ತುಂಬಿಸಿದ ಲೀಟರ್‌ಗಳಿಂದ ಬರೆದಿಟ್ಟುಕೊಳ್ಳುವ ಪೈಲಟ್‌ಗೆ ಬೇರೆ ಕೋಷ್ಟಕ ಬೇಕಿಲ್ಲ.

ಹಾಗಾದರೆ ಯಾವಾಗಲೂ ಟ್ಯಾಂಕ್ ತುಂಬಿಸಿಯೇ ಏಕೆ ಹೊರಡಬಾರದು? ತೂಕ ಬಿಡುವುದಿಲ್ಲ. ಏವ್‌ಗ್ಯಾಸ್ ಎಂಬ ವಿಮಾನ ಪೆಟ್ರೋಲ್ ಲೀಟರಿಗೆ ಸುಮಾರು 0.72 ಕಿಲೋ, 200 ಲೀಟರ್ ಎಂದರೆ 144 ಕಿಲೋ, ಇಬ್ಬರು ದೊಡ್ಡವರ ಭಾರ. ಹೆಸರಿಗೆ ನಾಲ್ಕು ಆಸನಗಳಿದ್ದರೂ ನಾಲ್ವರು ವಯಸ್ಕರು ಮತ್ತು ತುಂಬಿದ ಟ್ಯಾಂಕ್ ಎರಡನ್ನೂ ಹೊರಬಲ್ಲ ಸಣ್ಣ ವಿಮಾನಗಳು ಕಡಿಮೆ. ಬೆಂಗಳೂರಿನಂತೆ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದ ಊರಿನಲ್ಲಿ, ಬೇಸಿಗೆಯ ಮಧ್ಯಾಹ್ನ, ಈ ಮಿತಿ ಇನ್ನೂ ಬಿಗಿಯಾಗುತ್ತದೆ. ಜನರನ್ನು ಕಡಿಮೆ ಮಾಡಬೇಕು, ಇಲ್ಲವೇ ಇಂಧನ ಕಡಿಮೆ ಮಾಡಿ ದಾರಿಯಲ್ಲಿ ಒಮ್ಮೆ ಇಳಿಯಬೇಕು. ಮೂರನೆಯ ದಾರಿ ಹುಡುಕುವವರೇ ತೊಂದರೆಗೆ ಬೀಳುವುದು.

ಲೆಕ್ಕ ಇಡುವುದು ಹೇಗೆಂಬುದಕ್ಕೆ ಚಾರ್ಲ್ಸ್ ಲಿಂಡ್‌ಬರ್ಗ್ ಅವರಿಗಿಂತ ಉತ್ತಮ ಉದಾಹರಣೆ ಇಲ್ಲ. 1927ರ ಮೇ ತಿಂಗಳಲ್ಲಿ ಅವರು ನ್ಯೂಯಾರ್ಕ್‌ನಿಂದ ಪ್ಯಾರಿಸ್‌ಗೆ ಒಬ್ಬರೇ ಮೂವತ್ಮೂರೂವರೆ ಗಂಟೆ ಹಾರಿದರು. ಇಂಧನಕ್ಕೆ ಜಾಗ, ತೂಕ ಉಳಿಸಲು ರೇಡಿಯೋ ಬಿಟ್ಟರು, ಪ್ಯಾರಾಚೂಟ್ ಬಿಟ್ಟರು. ದೊಡ್ಡ ಟ್ಯಾಂಕನ್ನು ಎದುರಿಗೇ ಇಟ್ಟಿದ್ದರಿಂದ ಮುಂದಿನ ನೋಟವನ್ನೂ ಬಿಟ್ಟುಕೊಟ್ಟರು. ಐದು ಟ್ಯಾಂಕ್‌ಗಳಲ್ಲಿ ಯಾವುದನ್ನು ಎಷ್ಟು ಹೊತ್ತು ಬಳಸಿದೆ ಎಂಬುದನ್ನು ಉಪಕರಣ ಫಲಕದ ಮೇಲೆಯೇ ಪೆನ್ಸಿಲ್ ಗೆರೆ ಎಳೆದು ಗುರುತಿಸುತ್ತ ಹೋದರು. ವಾಷಿಂಗ್ಟನ್‌ನ ವಸ್ತುಸಂಗ್ರಹಾಲಯದಲ್ಲಿರುವ ಆ ವಿಮಾನದಲ್ಲಿ ಆ ಗೆರೆಗಳು ಉಳಿದಿವೆ. ಸುಮಾರು 450 ಗ್ಯಾಲನ್‌ನೊಂದಿಗೆ ಹೊರಟು ಪ್ಯಾರಿಸ್‌ನಲ್ಲಿ ಇಳಿದಾಗ 85 ಗ್ಯಾಲನ್ ಬಾಕಿಯಿತ್ತು. ಜಗತ್ತು ದುಸ್ಸಾಹಸ ಎಂದು ಕರೆದ ಹಾರಾಟದಲ್ಲಿ ಮೀಸಲು ಐದನೆಯ ಒಂದು ಭಾಗದ ಹತ್ತಿರ ಇತ್ತು.

ಮೀಸಲು ಮತ್ತು ಕಾನೂನು

ಅಮೆರಿಕದ ನಿಯಮದಂತೆ ಕಣ್ಣಳತೆಯಲ್ಲಿ ಹಾರುವ ಖಾಸಗಿ ವಿಮಾನ ಗುರಿ ತಲುಪಿದ ಮೇಲೂ ಹಗಲಿನಲ್ಲಿ 30 ನಿಮಿಷ, ರಾತ್ರಿ 45 ನಿಮಿಷ ಹಾರುವಷ್ಟು ಇಂಧನವಿದ್ದರೆ ಮಾತ್ರ ಹೊರಡಬಹುದು. ಉಪಕರಣಗಳನ್ನು ನೆಚ್ಚಿ ಮೋಡದಲ್ಲಿ ಹಾರುವವರು ಗುರಿ, ಅಲ್ಲಿಂದ ಬದಲಿ ನಿಲ್ದಾಣ, ಅದರ ಮೇಲೆ 45 ನಿಮಿಷದ ಲೆಕ್ಕ ಹಾಕಬೇಕು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡಗಳಲ್ಲೂ ಖಾಸಗಿ ಹಾರಾಟಕ್ಕೆ ಇದೇ 30 ಮತ್ತು 45 ನಿಮಿಷಗಳಿವೆ.

ಬೈಕಿನಲ್ಲಿ ಪೆಟ್ರೋಲ್ ಮುಗಿದಾಗ ನಾಬ್ ರಿಸರ್ವ್‌ಗೆ ತಿರುಗಿಸಿ ಬಂಕಿನವರೆಗೆ ಹೋಗುತ್ತಿದ್ದುದು ನಮ್ಮಲ್ಲಿ ಅನೇಕರಿಗೆ ನೆನಪಿದೆ. ಸಾಮಾನ್ಯ ವಿಮಾನದಲ್ಲಿ ಅಂತಹ ನಾಬ್ ಇಲ್ಲ. ಮೀಸಲು ಬೇರೆ ಟ್ಯಾಂಕಿನಲ್ಲಿಲ್ಲ, ಪೈಲಟ್‌ನ ತಲೆಯಲ್ಲಿ, ಕಾಗದದಲ್ಲಿ ಇದೆ. ಅದನ್ನು ಬಳಸಲು ಶುರುಮಾಡಿದ್ದು ಯಾವಾಗ ಎಂದು ಯಾವ ಸದ್ದೂ ಹೇಳುವುದಿಲ್ಲ. ಇದಕ್ಕಿಂತ ದೊಡ್ಡ ಕೊರತೆ ಅಮೆರಿಕದ ನಿಯಮದಲ್ಲಿದೆ: ಅದು ಹೊರಡುವ ಕ್ಷಣಕ್ಕೆ ಅನ್ವಯಿಸುತ್ತದೆ, ಇಳಿಯುವ ಕ್ಷಣಕ್ಕಲ್ಲ. ಆಸ್ಟ್ರೇಲಿಯಾ 2018ರಲ್ಲಿ ನಿಯಮ ಬದಲಿಸಿ, ಮೀಸಲು ಹಾಗೆಯೇ ಉಳಿದಿರುವಂತೆ ಇಳಿಯಬೇಕು, ಅದು ಸಾಧ್ಯವಿಲ್ಲ ಎಂದು ಕಂಡ ಕೂಡಲೇ ರೇಡಿಯೋದಲ್ಲಿ ‘ಮೇಡೇ ಫ್ಯೂಯೆಲ್’ ಎಂದು ಘೋಷಿಸಬೇಕು ಎಂದಿತು. ಇದೇ ಸರಿಯಾದ ಕ್ರಮ. ಮುಟ್ಟಬಾರದ್ದನ್ನು ಮೀಸಲು ಎನ್ನಬೇಕೇ ಹೊರತು ಸಂಕೋಚವಿಲ್ಲದೆ ಖರ್ಚು ಮಾಡುವುದನ್ನಲ್ಲ. ಅಮೆರಿಕದ ವಿಮಾನ ಮಾಲೀಕರ ಮತ್ತು ಪೈಲಟ್‌ಗಳ ಸಂಘದ ಸುರಕ್ಷತಾ ವಿಭಾಗ ಒಂದು ಗಂಟೆಯ ಇಂಧನ ಉಳಿಸಿಕೊಂಡೇ ಇಳಿಯಿರಿ ಎಂದು ಸಲಹೆ ಕೊಡುತ್ತದೆ.

ಬಾಯಿಬಿಟ್ಟು ಹೇಳುವುದು ಎಷ್ಟು ಮುಖ್ಯ ಎಂಬುದನ್ನು 1990ರ ಜನವರಿ 25ರಂದು ನ್ಯೂಯಾರ್ಕ್ ಬಳಿ ಬಿದ್ದ ಏವಿಯಾಂಕಾ 52 ಎಂಬ ಪ್ರಯಾಣಿಕ ವಿಮಾನದ ಅಪಘಾತ ತೋರಿಸಿತು. ಇಂಧನ ಮುಗಿಯುತ್ತಿದೆ ಎಂದ ಸಿಬ್ಬಂದಿ ತುರ್ತು ಪರಿಸ್ಥಿತಿ ಎಂಬ ಮಾತನ್ನು ರೇಡಿಯೋದಲ್ಲಿ ಆಡಲೇ ಇಲ್ಲ. 73 ಜನ ಸತ್ತರು.

ಜಾನ್ ಡೆನ್ವರ್ ಪ್ರಕರಣ

ಸಣ್ಣ ಖಾಸಗಿ ವಿಮಾನದ ಇಂಧನ ಅಪಘಾತಗಳಲ್ಲಿ ಅತಿ ಹೆಚ್ಚು ಚರ್ಚೆಯಾದದ್ದು ಅಮೆರಿಕದ ಗಾಯಕ ಜಾನ್ ಡೆನ್ವರ್ ಅವರದು. ಅವರು ಅನುಭವಿ ಪೈಲಟ್. 1997ರ ಅಕ್ಟೋಬರ್ 12ರಂದು, ಆಗಷ್ಟೇ ಕೊಂಡಿದ್ದ ಲಾಂಗ್-ಈಜಡ್ ಎಂಬ ಮನೆಯಲ್ಲೇ ಕಟ್ಟಿದ ಬಗೆಯ ವಿಮಾನದಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಿಂದ ಹೊರಟರು. ವಿನ್ಯಾಸಕಾರ ಬರ್ಟ್ ರುಟಾನ್ ಅವರ ನಕ್ಷೆಯಲ್ಲಿ ಇಂಧನ ಕವಾಟ ಪೈಲಟ್‌ನ ಕಾಲುಗಳ ನಡುವೆ ಇರಬೇಕಿತ್ತು. ಈ ವಿಮಾನವನ್ನು ಕಟ್ಟಿದವರು ಅದನ್ನು ಪೈಲಟ್‌ನ ಎಡ ಭುಜದ ಹಿಂದಿನ ಗೋಡೆಗೆ ಒಯ್ದಿದ್ದರು. ಇಂಧನ ಮಟ್ಟ ನೋಡುವ ಗಾಜಿನ ಕಿಂಡಿಗಳೂ ಹಿಂದೆಯೇ ಇದ್ದವು, ಅವುಗಳಿಗೆ ಅಳತೆಯ ಗುರುತಿರಲಿಲ್ಲ. ಅವುಗಳನ್ನು ನೋಡಿಕೊಳ್ಳಲಿ ಎಂದು ನಿಲ್ದಾಣದ ತಂತ್ರಜ್ಞ ಒಂದು ಸಣ್ಣ ಕನ್ನಡಿ ಕೊಟ್ಟರು. ತಿರುಗಿಸಲು ಕಷ್ಟವಾಗಿದ್ದ ಕವಾಟಕ್ಕೆ ಇಕ್ಕಳ ಹಿಡಿದು ನೋಡಿದ್ದರು. ಇಂಧನ ತುಂಬಿಸೋಣವೇ ಎಂಬ ಮಾತು ಬಂದಾಗ ಸುಮಾರು ಒಂದು ಗಂಟೆಯಷ್ಟೇ ಹಾರುವುದು, ಬೇಡ ಎಂದು ಡೆನ್ವರ್ ಹೇಳಿದರು.

ಸ್ವಲ್ಪ ಹೊತ್ತಿನಲ್ಲೇ, ಸುಮಾರು 500 ಅಡಿ ಎತ್ತರದಿಂದ ವಿಮಾನ ಸಮುದ್ರಕ್ಕೆ ಬಿತ್ತು. ತನಿಖೆಯ ನಿರ್ಣಯ ಹೀಗಿತ್ತು: ಕವಾಟ ತಿರುಗಿಸಲು ಆಸನದಲ್ಲಿ ಹಿಂದಕ್ಕೆ ಹೊರಳಬೇಕಿತ್ತು, ಹಾಗೆ ಹೊರಳುವಾಗ ಬಲಗಾಲು ಅರಿವಿಲ್ಲದೆ ಪೆಡಲ್ ಒತ್ತುತ್ತದೆ, ವಿಮಾನ ಹತೋಟಿ ತಪ್ಪುತ್ತದೆ. ಇಂಧನ ತುಂಬಿಸದೆ ಹೊರಟದ್ದು, ಕವಾಟವನ್ನು ಕೈಗೆಟುಕದ ಕಡೆ ಇಟ್ಟದ್ದು, ಗುರುತಿಲ್ಲದ ಕಿಂಡಿಗಳು, ಹೊಸ ವಿಮಾನದ ಅಭ್ಯಾಸದ ಕೊರತೆ ಇವೆಲ್ಲವೂ ಸಹಕಾರಣಗಳೆಂದು ದಾಖಲಾದವು. ಟ್ಯಾಂಕ್‌ಗಳನ್ನು ತುಂಬಿಸಿಕೊಂಡು ಹೊರಟಿದ್ದರೆ ಆ ಒಂದು ಗಂಟೆಯಲ್ಲಿ ಕವಾಟ ಮುಟ್ಟುವ ಅಗತ್ಯವೇ ಬೀಳುತ್ತಿರಲಿಲ್ಲವೇನೋ.

ತಪ್ಪು ಇಂಧನ, ಕಲಬೆರಕೆ

ಪಿಸ್ಟನ್ ವಿಮಾನಗಳ ಮುಖ್ಯ ಇಂಧನ 100 ಎಲ್‌ಎಲ್ ಎಂಬ ಸೀಸಯುಕ್ತ ಪೆಟ್ರೋಲ್. ಗುರುತಿಗಾಗಿ ನೀಲಿ ಬಣ್ಣ ಬೆರೆಸಿರುತ್ತಾರೆ. ಜೆಟ್ ಇಂಧನ ಸೀಮೆಎಣ್ಣೆಯ ಬಗೆಯದು, ಒಣಹುಲ್ಲಿನ ಬಣ್ಣ. ಪೆಟ್ರೋಲ್ ಎಂಜಿನ್ನಿನಲ್ಲಿ ಜೆಟ್ ಇಂಧನ ಬಿದ್ದರೆ ನೆಲ ಬಿಟ್ಟ ಸ್ವಲ್ಪದರಲ್ಲೇ ಎಂಜಿನ್ ಕೈಕೊಡುತ್ತದೆ. ಪಿಸ್ಟನ್ ವಿಮಾನದ ಮೈಮೇಲೆ ‘ಟರ್ಬೋ’ ಎಂದು ಬರೆದಿದ್ದನ್ನು ನೋಡಿ ಜೆಟ್ ಇಂಧನ ಹಾಕಿದ ಪ್ರಕರಣಗಳಿವೆ. ಹೊರಡುವ ಮುನ್ನ ಟ್ಯಾಂಕಿನ ತಳದಿಂದ ಪಾರದರ್ಶಕ ಲೋಟಕ್ಕೆ ಸ್ವಲ್ಪ ಇಂಧನ ಬಿಟ್ಟು ಬೆಳಕಿಗೆ ಹಿಡಿದರೆ ಬಣ್ಣ ಗೊತ್ತಾಗುತ್ತದೆ, ನೀರಿದ್ದರೆ ತಳದಲ್ಲಿ ಗುಳ್ಳೆಯಾಗಿ ಕೂರುತ್ತದೆ. ಅನುಮಾನವಿದ್ದರೆ ಬಿಳಿ ಕಾಗದದ ಮೇಲೆ ಒಂದು ಹನಿ: ಪೆಟ್ರೋಲ್ ಆರಿಹೋಗುತ್ತದೆ, ಜೆಟ್ ಇಂಧನ ಜಿಡ್ಡಿನ ಕಲೆ ಬಿಡುತ್ತದೆ.

ಎಂಜಿನ್ ನಿಂತ ಮೇಲೆ

172ರಂತಹ ವಿಮಾನ ಎಂಜಿನ್ ಇಲ್ಲದೆಯೂ ಜಾರುತ್ತ ಹಾರುತ್ತದೆ. ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು ಒಂದೂವರೆ ನಾಟಿಕಲ್ ಮೈಲಿ. ನೆಲದಿಂದ 3,000 ಅಡಿ ಮೇಲಿದ್ದರೆ ಎಂಟು ಕಿಲೋಮೀಟರ್ ದೂರ, ನಾಲ್ಕು ನಿಮಿಷ ಸಮಯ. ಮೊದಲು ಜಾರುವ ವೇಗ ಹಿಡಿಯಬೇಕು, ಆಮೇಲೆ ಇಳಿಯುವ ಜಾಗ ಆರಿಸಬೇಕು, ಆ ಬಳಿಕ ಟ್ಯಾಂಕ್ ಬದಲಿಸಿ, ಪಂಪು ಹಾಕಿ, ಮಿಶ್ರಣ ದಟ್ಟಮಾಡಿ ನೋಡಬೇಕು. ಪೂರೈಕೆ ಕಡಿದ ಪ್ರಕರಣವಾದರೆ ಎಂಜಿನ್ ಮತ್ತೆ ಹತ್ತಿಕೊಳ್ಳಬಹುದು. ಬರಿದಾಗಿದ್ದರೆ ಗದ್ದೆಯೇ ಗತಿ. ಅಂತಹ ಇಳಿತಗಳಲ್ಲಿ ಬೆಂಕಿ ಹೊತ್ತುವುದು ಕಡಿಮೆ, ಹಗಲಿನಲ್ಲಿ ಬಯಲುಸೀಮೆಯಲ್ಲಾದರೆ ಬದುಕುವ ಅವಕಾಶ ಚೆನ್ನಾಗಿಯೇ ಇದೆ. ಕಾಡು, ಬೆಟ್ಟ, ನೀರು, ರಾತ್ರಿ ಎಂದರೆ ಮಾತು ಬೇರೆ. ಐದು ಲೀಟರ್ ಉಳಿದಿರುವಾಗ, ಎಂಜಿನ್ ನಡೆಯುತ್ತಿರುವಾಗಲೇ ಯಾವುದಾದರೂ ಚಿಕ್ಕ ಪಟ್ಟಿಯ ಮೇಲೆ ಇಳಿಯುವುದು, ಖಾಲಿಯಾದ ಮೇಲೆ ಅತ್ಯುತ್ತಮ ಗದ್ದೆಯಲ್ಲಿ ಇಳಿಯುವುದಕ್ಕಿಂತ ಎಷ್ಟೋ ಮೇಲು.

ಭಾರತದಲ್ಲಿ

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಪಸ್ ಮಾತ್ ವಿಮಾನದಲ್ಲಿ ಅಂಚೆ ಹೊತ್ತು ಕರಾಚಿಯಿಂದ ಮುಂಬಯಿಗೆ ಬಂದಾಗ, ನಡುವೆ ಅಹಮದಾಬಾದಿನಲ್ಲಿ ಎತ್ತಿನ ಗಾಡಿಯಲ್ಲಿ ತಂದ ಡಬ್ಬಗಳಿಂದ ಇಂಧನ ತುಂಬಿಸಿಕೊಂಡರು. ಮುಂದಿನ ಹಂತವನ್ನು ಹಾರಿಸಿದ ನೆವಿಲ್ ವಿನ್ಸೆಂಟ್ ಬಳ್ಳಾರಿಯಲ್ಲಿ ತಂಗಿ ಮದ್ರಾಸಿಗೆ ಹೋದರು. ಇಂಧನ ಎಲ್ಲಿ ಸಿಗುತ್ತದೆ ಎಂಬುದೇ ದಾರಿಯನ್ನು ನಿರ್ಧರಿಸುತ್ತಿದ್ದ ಕಾಲ ಅದು. ಪಿಸ್ಟನ್ ವಿಮಾನಗಳ ಮಟ್ಟಿಗೆ ಆ ಸ್ಥಿತಿ ಈಗಲೂ ಪೂರ್ತಿ ಬದಲಾಗಿಲ್ಲ. ಏವ್‌ಗ್ಯಾಸ್ ಪೂರ್ತಿ ಆಮದಾಗುತ್ತಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಇಂಡಿಯನ್ ಆಯಿಲ್ ತನ್ನ ಗುಜರಾತ್ ಸಂಸ್ಕರಣಾಗಾರದಲ್ಲಿ ತಯಾರಿಸಿದ 100 ಎಲ್‌ಎಲ್ ಇಂಧನವನ್ನು ಬಿಡುಗಡೆ ಮಾಡಿತು. ಅದು ಹೆಚ್ಚಾಗಿ ತಲುಪುವುದು ಪೀಪಾಯಿಗಳಲ್ಲಿ. ಜೆಟ್ ಇಂಧನ ಸಿಗುವ ದೊಡ್ಡ ನಿಲ್ದಾಣದಲ್ಲೂ ಏವ್‌ಗ್ಯಾಸ್ ಇರುತ್ತದೆಂಬ ಖಾತ್ರಿಯಿಲ್ಲ. ದೇಶದ ಹಲವು ತರಬೇತಿ ಸಂಸ್ಥೆಗಳು ಜೆಟ್ ಇಂಧನದಲ್ಲೇ ನಡೆಯುವ ಡೀಸೆಲ್ ಬಗೆಯ ಎಂಜಿನ್ನಿನ ಡೈಮಂಡ್ ವಿಮಾನಗಳತ್ತ ಹೊರಳಿದ್ದಕ್ಕೆ ಇದೂ ಒಂದು ಕಾರಣ. ಬೆಂಗಳೂರಿನ ಜಕ್ಕೂರಿನಿಂದ ಪೆಟ್ರೋಲ್ ಎಂಜಿನ್ ವಿಮಾನದಲ್ಲಿ ಬೇರೆ ಊರಿಗೆ ಹೊರಡುವವರು ಹವಾಮಾನ ವಿಚಾರಿಸುವಾಗಲೇ ಅಲ್ಲಿ ಏವ್‌ಗ್ಯಾಸ್ ಇದೆಯೇ, ಪೀಪಾಯಿ ತೆರೆದು ಎಷ್ಟು ದಿನವಾಗಿದೆ, ಸೋಸುವ ವ್ಯವಸ್ಥೆ ಇದೆಯೇ ಎಂದು ಫೋನ್ ಮಾಡಿ ಕೇಳಿಕೊಳ್ಳಬೇಕು. ಇಲ್ಲ ಎಂದರೆ ಹೋಗಿ ಬರುವ ಇಂಧನ, ಮೀಸಲು ಎಲ್ಲವೂ ಜಕ್ಕೂರಿನಲ್ಲೇ ಟ್ಯಾಂಕಿಗೆ ಬೀಳಬೇಕು. ಅಷ್ಟನ್ನು ತೂಕ ಬಿಡದಿದ್ದರೆ ಜೊತೆಗಾರರಲ್ಲಿ ಒಬ್ಬರು ಇಲ್ಲೇ ಉಳಿಯಬೇಕು.